ಕಿವಿಯೊಳಗಿನ ಮುತ್ತು

ಮೊಮ್ಮಕ್ಕಳೇ, ನಿಮ್ಮ ಪೈಕಿ ಸಣ್ಣವಳ ಎಡಗಿವಿಗೆ ಏನಾಗಿತ್ತು ಎಂದು ಕೇಳಿದರೆ ನಮ್ಮೂರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದೊಡ್ಡಪ್ಪನ ಏಟಿಗೆ ಕಿವಿ ಹೋಯಿತು ಎನ್ನುವವರಿದ್ದಾರೆ. ಮುತ್ಯಾಲಮ್ಮ ದೇವಿಯೇ ಬಂದು ಕೂತಿದ್ದಳು, ಆಸ್ಪತ್ರೆಯವರು ಕಿತ್ತು ಹಾಕಿದರು ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ನಾನು ಕಣ್ಣಾರೆ ನೋಡಿದ್ದನ್ನೂ ಡಾಕ್ಟರಮ್ಮ ಹೇಳಿದ್ದನ್ನೂ ನಿಮಗಾಗಿ ಬರೆದಿಡುತ್ತೇನೆ.

ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನ ಕೂತ ಕಡೆ ಮಾತಾಡಲು ಇವತ್ತಿಗೂ ನನಗೆ ನಾಲಿಗೆ ಏಳುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದೇ ವಾಸಿ. ನನ್ನ ದೊಡ್ಡ ಮಗ ನಿಮ್ಮಲ್ಲಿ ಕೆಲವರಿಗೆ ಅಪ್ಪ, ಸಣ್ಣವಳಿಗೆ ದೊಡ್ಡಪ್ಪ. ಚಿಕ್ಕ ಮಗ ಸಣ್ಣವಳ ಅಪ್ಪ, ಉಳಿದವರಿಗೆ ಚಿಕ್ಕಪ್ಪ. ಗೊಂದಲ ಬೇಡವೆಂದು ಅವರನ್ನು ದೊಡ್ಡವನು, ಚಿಕ್ಕವನು ಎಂದೇ ಬರೆಯುತ್ತೇನೆ. ನಮ್ಮಪ್ಪನನ್ನು ಅಜ್ಜಿ ಆಡಿಕೊಂಡಳು ಎಂದು ಯಾರೂ ಮುನಿಸಿಕೊಳ್ಳಬೇಡಿ. ಇಬ್ಬರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರೇ.

ನಮ್ಮ ಮನೆಯಲ್ಲಿ ಮಾತಿಗಿಂತ ಕೈ ಮುಂದು. ನಿಮ್ಮ ತಾತ ಇದ್ದಾಗ ಸಾರಿಗೆ ಉಪ್ಪು ಜಾಸ್ತಿಯಾದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು, ಕೈ ನನ್ನ ಕೆನ್ನೆಗೆ ಬರುತ್ತಿತ್ತು. ಕಿವಿ ಗುಂಯ್ ಎಂದು ಅರ್ಧ ದಿನ ಹಾಗೇ ಇರುತ್ತಿತ್ತು. ಮಕ್ಕಳು ಅದನ್ನು ನೋಡಿಕೊಂಡೇ ಬೆಳೆದರು. ದೊಡ್ಡವನು ಎತ್ತಿಗೆ ಹೊಡೆದ ಹಾಗೆ ಮಕ್ಕಳಿಗೂ ಹೊಡೆಯುತ್ತಿದ್ದ. ಚಿಕ್ಕವನು ಮಕ್ಕಳನ್ನು ಮುಟ್ಟುತ್ತಿರಲಿಲ್ಲ, ಅದರ ಬದಲು ದೊಡ್ಡವನನ್ನು ಹೊಡೆಯುತ್ತಿದ್ದ.

ಹಿರಿಯೂರು ದಾಟಿ ಆಂಧ್ರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಆ ವರ್ಷ ಈರುಳ್ಳಿ ಕಿತ್ತು ಕಣದಲ್ಲಿ ರಾಶಿ ಹಾಕಿದ್ದೆವು. ಹೆಂಗಸರೆಲ್ಲ ಕುಡುಗೋಲು ಹಿಡಿದು ಬಾಲ ಕೊಯ್ಯುತ್ತಿದ್ದೆವು. ಸಣ್ಣವಳು ಆಗಷ್ಟೇ ಶಾಲೆಗೆ ಸೇರಿದ್ದಳು. ಅವಳು ಬುಟ್ಟಿಯ ಪಕ್ಕ ಕೂತು ಸಿಪ್ಪೆ ಊದಿ ಆಡುತ್ತಿದ್ದಳು. ಟ್ರಾಕ್ಟರು ಹಿಂದಕ್ಕೆ ಬಂತು. ಡ್ರೈವರಿಗೆ ಮಗು ಕಾಣಲಿಲ್ಲ. ನಾವೆಲ್ಲ ಕೂಗಿಕೊಂಡೆವು. ಅವಳು ತಲೆಯನ್ನೇನೋ ಎತ್ತಿದಳು, ಆದರೆ ನಮ್ಮ ಕಡೆಗಲ್ಲ. ದನಿ ಬಂದದ್ದು ಎಡಗಡೆಯಿಂದ, ಅವಳು ನೋಡಿದ್ದು ಬಲಗಡೆಯ ಬೇಲಿಯನ್ನು. ಯಾರು ಕರೆದರು ಎಂದು ಬೇಲಿಯಲ್ಲಿ ಹುಡುಕುತ್ತ ಕೂತಳು.

ದೊಡ್ಡವನು ಹಾರಿ ಬಂದು ತೋಳು ಹಿಡಿದು ಎಳೆದ. ಚಕ್ರ ಬುಟ್ಟಿಯ ಮೇಲೆ ಹರಿದು ಈರುಳ್ಳಿ ಪಚಕ್ ಎಂದವು. ಎಳೆದ ರಭಸದಲ್ಲೇ ಇನ್ನೊಂದು ಕೈ ಬೀಸಿ ಅವಳ ಎಡ ಕಪಾಳಕ್ಕೆ ಹೊಡೆದ. ಮಗು ಮಣ್ಣಿನಲ್ಲಿ ಎರಡು ಉರುಳು ಉರುಳಿತು.

"ಕಿವಿ ಮಾರ್ಕಂಡಿದ್ದೀಯೇನೇ, ಮೂಳಿ? ಊರೆಲ್ಲ ಬಡ್ಕಂಡ್ರೂ ಬೇಲಿ ನೋಡ್ತಾಳೆ!"

ಚಿಕ್ಕವನು ಗೂಡ್ಸ್ ಟೆಂಪೋ ಓಡಿಸುತ್ತಾನೆ. ಅವತ್ತು ಟೆಂಪೋಗೆ ಚೀಲ ಏರಿಸುತ್ತಿದ್ದವನು ಗುದ್ದಲಿ ಕಾವು ಎತ್ತಿಕೊಂಡು ಬಂದ.

"ಮಗಿನ ಕಿವಿಗೆ ಹೊಡೀತೀಯಾ? ಅಣ್ಣ ಅಂತ ನೋಡಾಕಿಲ್ಲ ನಾನು."

"ಚಕ್ರ ಹತ್ತಿದ್ರೆ ಏನ್ ಮಾಡ್ತಿದ್ದೆ? ಎತ್ಕಂಡು ಕುಣೀತಿದ್ದೇನೋ?"

"ಎಳಿಯಾಕೆ ಒಂದು ಕೈ ಸಾಕಾಗಿತ್ತು. ಇನ್ನೊಂದು ಯಾಕೆ ಎತ್ತಿದೆ?"

ಕಾವು ದೊಡ್ಡವನ ಬಾಯಿಗೆ ಬಿತ್ತು. ಅವನು ಎರಡು ಹಲ್ಲನ್ನು ರಕ್ತದ ಜೊತೆ ಉಗಿದು, ತಮ್ಮನ ಕುತ್ತಿಗೆ ಹಿಡಿದು ಈರುಳ್ಳಿ ರಾಶಿಗೆ ಒತ್ತಿದ. ಆಳುಗಳು ಬಿಡಿಸಿದರು. ಸಣ್ಣವಳು ಅಳಲಿಲ್ಲ. ಅವಳಿಗೆ ಅಪ್ಪ, ದೊಡ್ಡಪ್ಪ ಯಾಕೆ ಹೊಡೆದಾಡುತ್ತಿದ್ದಾರೆ ಎನ್ನುವುದೇ ತಿಳಿದಿರಲಿಲ್ಲ.

ಸ್ವಲ್ಪ ದಿನಕ್ಕೆ ಶಾಲೆಯ ಟೀಚರ್ ನನ್ನ ಚಿಕ್ಕ ಸೊಸೆಯನ್ನು ಕರೆಸಿ ಹೇಳಿದರು: "ಇವಳು ಬಲಗಿವಿಯನ್ನ ಗೋಡೆಗೆ ಕೊಟ್ಟು ಕೂತರೆ ನಾನು ಹೇಳಿದ್ದು ಒಂದೂ ಕೇಳಿಸಿಕೊಳ್ಳಲ್ಲ. ಜಾಗ ಬದಲಾಯಿಸಿದರೆ ಎಲ್ಲ ಹೇಳ್ತಾಳೆ. ಎಡಗಿವಿ ತೋರಿಸ್ರಿ."

ಚಿಕ್ಕವನಿಗೆ ಇನ್ನೇನು ಬೇಕು? ಮನೆಗೆ ಬಂದವನೇ ಅಂಗಳದ ಗುಂಡುಕಲ್ಲು ಎತ್ತಿ ಅಣ್ಣನ ಬೈಕಿನ ಮೇಲೆ ಹಾಕಿದ. ಟ್ಯಾಂಕು ಒಡೆದು ಪೆಟ್ರೋಲು ತುಳಸಿಕಟ್ಟೆವರೆಗೆ ಹರಿಯಿತು. "ನನ್ನ ಮಗಳ ಕಿವಿ ಒಡೆದಿದ್ದಕ್ಕೆ ಇದು" ಎಂದ. ದೊಡ್ಡವನು ಆ ಹೊತ್ತು ಮನೆಯಲ್ಲಿರಲಿಲ್ಲ. ಬಂದ ಮೇಲೆ ಟೆಂಪೋದ ಗಾಜು ಹೋಯಿತು. ದಿನವೂ ಒಂದಲ್ಲ ಒಂದು ಒಡೆಯುತ್ತಿತ್ತು. ಚಿಕ್ಕ ಸೊಸೆಯ ತಲೆಯ ಮೇಲೂ ಒಂದು ಲೋಟ ಒಡೆಯಿತು. ಅದು ಯಾರಿಗೆಂದು ಎಸೆದದ್ದೋ, ಎಸೆದವನಿಗೂ ಗೊತ್ತಿರಲಿಕ್ಕಿಲ್ಲ.

ಕೊನೆಗೆ ನಾನೂ ಸೊಸೆಯೂ ಮಗುವನ್ನು ಕರೆದುಕೊಂಡು ಬಸ್ಸು ಹತ್ತಿ ದುರ್ಗಕ್ಕೆ ಹೋದೆವು. ಕಿವಿ ಡಾಕ್ಟರು ಹೆಂಗಸೇ ಆಗಿದ್ದರಿಂದ ನನಗೆ ಸ್ವಲ್ಪ ಧೈರ್ಯ ಬಂತು. ಸಣ್ಣ ಕೊಳವೆಯಂಥದ್ದನ್ನು ಮಗುವಿನ ಕಿವಿಗೆ ಇಟ್ಟು ನೋಡಿದರು. ಒಳಗಿನದೆಲ್ಲ ಟಿವಿಯ ಮೇಲೆ ಕಂಡಿತು. ತೆಳ್ಳನೆಯ ಪೊರೆ, ಅದರಾಚೆ ದುಂಡಗೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು.

ಸೊಸೆ ನೆಲ ನೋಡುತ್ತ ಕೇಳಿದಳು. "ಏಟು ಬಿದ್ದಿತ್ತು ಮೇಡಂ. ಅದಕ್ಕೇ ಹಿಂಗಾತಾ?"

"ಯಾರು ಹೊಡೆದಿದ್ದು?"

ಸೊಸೆ ಮಗುವಿನ ಜಡೆ ಸರಿಮಾಡತೊಡಗಿದಳು. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ. "ಏಟಿಗೆ ಆಗಿದ್ರೆ ಪೊರೆ ಹರೀತಿತ್ತು. ನೋಡಿ, ಪೊರೆ ಗಟ್ಟಿಯಾಗಿದೆ. ಕಿವಿ ಸೋರಿಲ್ಲ ಅಂತೀರಿ. ಇದು ಹುಟ್ಟುವಾಗಲೇ ಜೊತೆಗೆ ಬಂದಿದ್ದು" ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮಗು ಹೊಟ್ಟೆಯಲ್ಲಿದ್ದಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಆಗ ಪೊರೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಚರ್ಮದ್ದೊಂದು ಚೂರು ಸೇರಿಕೊಂಡಿರುತ್ತದಂತೆ. ಮಗು ಹುಟ್ಟುವ ಮೊದಲೇ ಅದು ತಾನಾಗಿ ಕರಗಿ ಹೋಗುತ್ತದೆ. ಯಾರಿಗೋ ಒಬ್ಬರಿಗೆ ಕರಗದೆ ಉಳಿದುಬಿಡುತ್ತದೆ. ಯಾಕೆ ಉಳಿಯುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಬಸುರಿ ತಿಂದದ್ದು, ಹೊತ್ತದ್ದು, ಬಿದ್ದದ್ದು ಯಾವುದೂ ಕಾರಣ ಅಲ್ಲ. ಉಳಿದ ಚೂರು ಚರ್ಮದ ಕೆಲಸವನ್ನೇ ಮಾಡುತ್ತದೆ. ಹೊಸದು ಹುಟ್ಟುತ್ತದೆ, ಹಳೆಯದು ಉದುರುತ್ತದೆ. ನಮ್ಮ ಮೈಯಿಂದ ಉದುರಿದ್ದು ಸ್ನಾನದ ನೀರಿನಲ್ಲಿ ಹೋಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಉದುರಿದ್ದು ಎಲ್ಲಿಗೆ ಹೋಗಬೇಕು? ಅಲ್ಲೇ ಪದರದ ಮೇಲೆ ಪದರ ಕೂತು ಈರುಳ್ಳಿಯ ಹಾಗೆ ದುಂಡಗಾಗುತ್ತದೆ.

"ನೋಯಲ್ಲ. ಅದೇ ತೊಂದರೆ" ಎಂದರು ಡಾಕ್ಟರಮ್ಮ. "ಸುಮ್ಮನೆ ಬೆಳೀತಾ, ಪಕ್ಕದ ಮೂಳೆ ತಿಂತಾ ಹೋಗುತ್ತೆ. ಕೇಳಿಸೋಕೆ ಮೂರು ಪುಟ್ಟ ಮೂಳೆ ಇವೆ, ಮೊದಲು ಅವು ಹೋಗುತ್ತವೆ. ಮುಖ ಆಡಿಸೋ ನರ ಅಲ್ಲೇ ಹಾದುಹೋಗುತ್ತೆ. ಮೇಲೆ ಕಾಗದದಷ್ಟು ತೆಳ್ಳಗಿನ ಮೂಳೆ, ಅದರ ಮೇಲೆ ಮಿದುಳು. ಔಷಧಕ್ಕೆ ಇದು ಕರಗಲ್ಲ. ಆಪರೇಷನ್ ಮಾಡಿ ತೆಗೀಬೇಕು."

ಒಂದೇ ಕಿವಿ ಕೇಳುವವರಿಗೆ ದನಿ ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಮಗು ಬೇಲಿಯನ್ನು ಯಾಕೆ ನೋಡಿತು ಎಂದು ನನಗೆ ಆಗ ಅರ್ಥವಾಯಿತು.

ಸ್ಕ್ಯಾನ್ ಮಾಡಿಸಿ, ಆಪರೇಷನ್‌ಗೆ ದಿನ ಗೊತ್ತು ಮಾಡಿದರು. ಹೊರಡುವಾಗ ಡಾಕ್ಟರಮ್ಮ ಮಗುವಿನ ಗಲ್ಲ ಹಿಡಿದು, "ನಿನ್ನ ಕಿವಿಯಲ್ಲಿ ಒಂದು ಬಿಳಿ ಮುತ್ತಿದೆ ಪುಟ್ಟಿ. ಅದನ್ನ ನನಗೆ ಕೊಟ್ಟುಬಿಡ್ತೀಯಾ?" ಎಂದರು. ಮಗುವಿನ ಭಯ ಹೋಗಲಿ ಎಂದು ಆಡಿದ ಮಾತು. ಅಷ್ಟಕ್ಕೇ ಎಲ್ಲ ತಿರುಗಿಬಿತ್ತು.

ನೀವು ದೊಡ್ಡಜ್ಜಿ ಎನ್ನುತ್ತೀರಲ್ಲ, ನಿಮ್ಮ ತಾತನ ಅಕ್ಕ, ಅವರು ಮೊದಲಿನಿಂದ ನಮ್ಮ ಮನೆಯಲ್ಲೇ ಇರುವವರು. ಊರಾಚೆ ಮುತ್ಯಾಲಮ್ಮನ ಗುಡಿಗೆ ದಿನಾ ದೀಪ ಹಚ್ಚುವುದು ಅವರೇ. ನಾವು ಮನೆಗೆ ಬಂದಾಗ ಹೊಸ್ತಿಲಲ್ಲಿ ಕೂತಿದ್ದರು. ಸಣ್ಣವಳು ಓಡಿ ಹೋಗಿ ಹೆಮ್ಮೆಯಿಂದ, "ದೊಡ್ಡಜ್ಜೀ, ನನ್ನ ಕಿವ್ಯಾಗೆ ಮುತ್ತೈತೆ" ಎಂದಳು.

ನಮ್ಮ ಕಡೆ ಸಿಡುಬು, ಸೀತಾಳೆ ಎದ್ದರೆ ರೋಗ ಎನ್ನುವುದಿಲ್ಲ. ಅಮ್ಮ ಬಂದಿದ್ದಾಳೆ, ಮುತ್ತು ಚೆಲ್ಲಿದ್ದಾಳೆ ಎನ್ನುತ್ತೇವೆ. ಮುತ್ತು ಎದ್ದವರಿಗೆ ಸೂಜಿ, ಕತ್ತಿ ಸೋಕಿಸುವ ಹಾಗಿಲ್ಲ. ಒಲೆಯ ಮೇಲೆ ಒಗ್ಗರಣೆ ಚುರ್ ಎನ್ನಬಾರದು. ಬಾಗಿಲಿಗೆ ಬೇವು ಕಟ್ಟಬೇಕು. ಮನೆಯಲ್ಲಿ ಯಾರೂ ಯಾರನ್ನೂ ಬಯ್ಯಬಾರದು, ಹೊಡೆಯಬಾರದು. ಅಮ್ಮ ಮುನಿದರೆ ಕಣ್ಣನ್ನೋ ಕಿವಿಯನ್ನೋ ತೆಗೆದುಕೊಂಡೇ ಹೋಗುತ್ತಾಳೆ ಎಂದು ನಂಬಿಕೆ.

ದೊಡ್ಡಜ್ಜಿ ಮಗುವಿನ ಮುಖವನ್ನೇ ನೋಡಿದರು. "ಯಾರೇ ಅಂದಿದ್ದು, ಮುತ್ತು ಅಂತ?"

"ಡಾಕ್ಟರು. ಟಿವ್ಯಾಗೆ ತೋರಿಸಿದ್ರು. ಬೆಳ್ಳಗೈತೆ."

ಎಪ್ಪತ್ತು ದಾಟಿದ ಹೆಂಗಸು ಆ ಪುಟ್ಟ ಪಾದಗಳಿಗೆ ಹಣೆ ಹಚ್ಚಿದರು. "ಮೈಮ್ಯಾಲೆ ಬರೋಳು ಈ ಸಲ ಒಳಗೇ ಕುಂತವ್ಳೆ. ಡಾಕ್ಟರ ಬಾಯಿಂದಾನೇ ಹೇಳಿಸವ್ಳೆ. ಇನ್ನು ಯಾರಾದ್ರೂ ಕತ್ತಿ ಅಂತ ಅಂದೀರಿ, ಜ್ವಾಕೆ."

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಾನು ತೊದಲುತ್ತ ಹೇಳಿದೆ. ಮಧ್ಯದಲ್ಲೇ ದೊಡ್ಡವನು, "ಏಟಿಂದ ಅಲ್ಲ ಅಂದ್ರು ಅಲ್ವಾ?" ಎಂದ. "ಅಲ್ಲ ಅಂದ್ರು" ಎಂದೆ. ಅವನಿಗೆ ಅಷ್ಟು ಸಾಕಾಗಿತ್ತು. ಉಳಿದದ್ದನ್ನು ಕೇಳಲಿಲ್ಲ. ಎದ್ದು ಹೋಗಿ ತಾನೇ ಬೇವಿನ ಸೊಪ್ಪು ಕಡಿದು ತಂದು ಬಾಗಿಲಿಗೆ ಕಟ್ಟಿದ. ಚಿಕ್ಕವನು ಒಪ್ಪಲಿಲ್ಲ. "ಹೊಡೆದು ಕೆಡಿಸಿದೋನು ನೀನು, ಅಮ್ಮನ ಮ್ಯಾಲೆ ಹಾಕ್ತೀಯಾ?" ಎಂದು ತೋಳು ಏರಿಸಿದ. ದೊಡ್ಡಜ್ಜಿ ಇಬ್ಬರ ನಡುವೆ ಬಂದು ನಿಂತರು. "ಹೊಡ್ಕಳ್ರಿ ಮತ್ತೆ. ಅಮ್ಮ ನೋಡ್ಲಿ. ನಾಳೆ ಮಗಿನ ಇನ್ನೊಂದು ಕಿವೀನೂ ತಗಂಡು ಹೋಗ್ಲಿ." ಚಿಕ್ಕವನ ತೋಳು ಕೆಳಗಿಳಿಯಿತು.

ಅವತ್ತಿನಿಂದ ಮನೆಯಲ್ಲಿ ಏಟಿನ ಸದ್ದು ನಿಂತಿತು. ನಾನು ಮದುವೆಯಾಗಿ ಬಂದ ಮೇಲೆ ಅಂಥ ದಿನಗಳನ್ನು ಆ ಮನೆಯಲ್ಲಿ ಕಂಡಿರಲಿಲ್ಲ. ಮೊಸರನ್ನ, ಉಪ್ಪು ಹಾಕಿ ಬೇಯಿಸಿದ ಬೇಳೆ, ಮತ್ತೆ ಮೊಸರನ್ನ. ದೊಡ್ಡವನು ತಟ್ಟೆ ನೋಡಿ, "ಅಮ್ಮ ಯಾವಾಗ ಹೊರಡ್ತಾಳಂತೆ? ಸಾಸಿವೆ ವಾಸ್ನೆ ಮರ್ತೇ ಹೋಗೈತೆ" ಎಂದು ಗೊಣಗುತ್ತಿದ್ದ. ದೊಡ್ಡಜ್ಜಿ ಕಣ್ಣು ಬಿಟ್ಟರೆ ಕೆನ್ನೆಗೆ ಬಡಿದುಕೊಂಡು ಉಣ್ಣುತ್ತಿದ್ದ. ಸಣ್ಣವಳಿಗಂತೂ ದೊಡ್ಡಪ್ಪನೇ ಹೊತ್ತುಕೊಂಡು ಹೋಗಿ ಶಾಲೆಗೆ ಬಿಡುವ ಯೋಗ. ಊರ ಹೆಂಗಸರು ಅವಳ ಕಿವಿಗೆ ಅರಿಶಿನ ಹಚ್ಚಿ ಹೋಗುತ್ತಿದ್ದರು. ಹೊಳಲ್ಕೆರೆ ಕಡೆಯಿಂದ ಸೊಸೆಯ ತೌರಿನವರು ಬಂದು, ಮಗಳ ಮೈಮೇಲೆ ಒಂದು ಬಾಸುಂಡೆಯೂ ಇಲ್ಲದ್ದನ್ನು ನೋಡಿ ಅಮ್ಮನಿಗೆ ಸೀರೆ ಉಡಿಸಿ ಹೋದರು.

ಆಪರೇಷನ್ ದಿನ ಬಂತು, ಹೋಯಿತು. ಆಸ್ಪತ್ರೆಯಿಂದ ಫೋನು ಬಂದರೆ ದೊಡ್ಡವನು ಕತ್ತರಿಸುತ್ತಿದ್ದ. ಸೊಸೆ ಒಂದೆರಡು ಸಲ, "ಅತ್ತೇ, ಹೋಗಾಣ" ಎಂದು ಪಿಸುಗುಟ್ಟಿದಳು. ಆದರೆ ಹೋಗೋಣ ಎಂದು ಬಾಯಿಬಿಟ್ಟರೆ ಬಾಗಿಲ ಬೇವು ಕೀಳಬೇಕು, ಬೇವು ಕಿತ್ತರೆ ಕಾವು, ಕಲ್ಲು ಮತ್ತೆ ಮೇಲೇಳುತ್ತವೆ. ಅದು ಅವಳಿಗೂ ಗೊತ್ತಿತ್ತು.

ನಾನು ಒಂದು ದಿನ ದೊಡ್ಡಜ್ಜಿಯ ಹತ್ತಿರ ಕೂತು ಮೆಲ್ಲಗೆ ಕೇಳಿದೆ. "ಅಕ್ಕಾ, ಅಮ್ಮನ ಮುತ್ತು ಏಳ್ತಾವೆ, ಹಣ್ಣಾಗ್ತಾವೆ, ಒಣಗಿ ಉದುರ್ತಾವೆ. ನೀರು ಹಾಕಿ ಕಳಿಸ್ತೀವಿ. ಇದು ಉದುರ್ತಾನೇ ಇಲ್ಲವಲ್ಲ?"

"ಒಳಗಿಂದು ನಿಧಾನ" ಎಂದರು.

"ಡಾಕ್ಟರು ಬೆಳೀತೈತೆ ಅಂದ್ರು."

"ನಿನ್ನನ್ನ ಡಾಕ್ಟರು ಸಾಕಿದ್ರಾ, ಅಮ್ಮ ಸಾಕಿದ್ಳಾ?"

ನಾನು ಎದ್ದು ಬಂದೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಮಗುವಿಗೆ ಜ್ವರ ಬಂತು. ಕಿವಿಯೊಳಗೆ ಕುಟ್ಟುತ್ತದೆ ಎಂದು ತಲೆಯನ್ನು ಕಂಬಕ್ಕೆ ಚಚ್ಚಿಕೊಂಡಳು. ದೊಡ್ಡಜ್ಜಿ ಬೇವು ಅರೆದು ಪಟ್ಟು ಹಾಕಿದರು. ಒಂದು ಬೆಳಿಗ್ಗೆ ಕಿವಿಯಿಂದ ಕೀವು ಇಳಿದು ದಿಂಬು ಒದ್ದೆಯಾಗಿತ್ತು. ಸತ್ತ ಇಲಿಯ ವಾಸನೆ. ಕಿವಿಯ ಹಿಂದೆ ನಿಂಬೆಹಣ್ಣಿನಷ್ಟು ಊದಿಕೊಂಡು, ಕಿವಿ ಮುಂದಕ್ಕೆ ಬಾಗಿತ್ತು. ನೀರು ಕುಡಿಸಲು ಹೋದರೆ ಎಡಗಡೆಯ ತುಟಿಯಿಂದ ನೀರು ಹೊರಗೇ ಸುರಿಯಿತು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ.

ಮುಖ ಆಡಿಸುವ ನರ ಎಂದು ಡಾಕ್ಟರಮ್ಮ ಹೇಳಿದ್ದು ನನಗೂ ಸೊಸೆಗೂ ಒಟ್ಟಿಗೇ ನೆನಪಾಯಿತು. ಸೊಸೆ ಮಗುವನ್ನು ಕಂಕುಳಿಗೆ ಎತ್ತಿಕೊಂಡು ಬಾಗಿಲಿಗೆ ನಡೆದಳು.

ದೊಡ್ಡವನು ಅಡ್ಡ ನಿಂತ. "ಎಲ್ಲಿಗೆ?"

"ದುರ್ಗಕ್ಕೆ."

"ಅಮ್ಮನ್ನ ಎತ್ಕಂಡು ಕತ್ತಿಗೆ ಕೊಡ್ತೀಯಾ? ಮನೆ ಉಳಿತೈತಾ?"

"ಮನೆ ಸುಟ್ಟು ಹೋಗ್ಲಿ. ದಾರಿ ಬಿಡ್ರಿ ಭಾವ."

ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಹಿಂದಕ್ಕೆ ಎಳೆದ. ಅವಳು ಬಿದ್ದಳು, ಮಗುವನ್ನು ಮಾತ್ರ ನೆಲಕ್ಕೆ ತಾಗಿಸಲಿಲ್ಲ. ಬಿದ್ದಲ್ಲಿಂದಲೇ ತಿರುಗಿ ಅವನ ಮೊಣಕಾಲಿನ ಹಿಂದೆ ಹಲ್ಲು ಊರಿದಳು. ಅವನು ಅವಳ ಬೆನ್ನಿಗೆ ಒದ್ದ. ನಾನು ಅವನ ಅಂಗಿ ಹಿಡಿದು ಜಗ್ಗಿದೆ, ಅಂಗಿ ಹರಿದು ಕೈಗೆ ಬಂತು. ಅವನ ಮೊಣಕೈ ನನ್ನ ಎದೆಗೆ ಬಿದ್ದು ಗೋಡೆಗೆ ಆತುಕೊಂಡೆ. ದೊಡ್ಡಜ್ಜಿ, "ಅಮ್ಮನ ಮುಂದೆ ಬ್ಯಾಡ್ರೋ, ಬ್ಯಾಡ್ರೋ" ಎಂದು ಕೂಗುತ್ತಿದ್ದರು. ಆ ಮಾತು ಅವತ್ತು ಯಾರ ಕಿವಿಗೂ ಹೋಗಲಿಲ್ಲ.

ಅದೇ ಹೊತ್ತಿಗೆ ಚಿಕ್ಕವನ ಟೆಂಪೋ ಹಿರಿಯೂರಿನಿಂದ ಬಂದು ನಿಂತಿತು. ಒಳಗೆ ಬಂದವನು ಹೆಂಡತಿ ನೆಲದ ಮೇಲೆ ಬಿದ್ದಿರುವುದನ್ನು ನೋಡಿದ, ಮಗಳ ಸೊಟ್ಟ ಬಾಯಿ ನೋಡಿದ. ಜಗಲಿಯ ಮೇಲೆ ಎಳನೀರು ಕೊಚ್ಚುವ ಮಚ್ಚು ಇತ್ತು. ನಾನು ಅದರ ಕಡೆ ನೋಡುವಷ್ಟರಲ್ಲಿ ಅದು ಅವನ ಕೈಯಲ್ಲಿತ್ತು. ಅವನು ಬೀಸಿದ್ದು ಅಣ್ಣನ ಕುತ್ತಿಗೆಗೇ. ದೊಡ್ಡವನು ಕೈ ಅಡ್ಡ ಹಿಡಿದ. ಮುಂಗೈ ಮಾಂಸ ಬಾಯಿ ತೆರೆದುಕೊಂಡಿತು. ಗೋಡೆಗೆ, ಬೇವಿನ ಸೊಪ್ಪಿಗೆ, ನನ್ನ ಸೀರೆಗೆ ರಕ್ತ ಚಿಮ್ಮಿತು.

ಚಿಕ್ಕವನು ಮಚ್ಚು ಹಿಡಿದುಕೊಂಡೇ ನಿಂತಿದ್ದ. ದೊಡ್ಡವನು ತನ್ನ ಕೈಯನ್ನೇ ನೋಡುತ್ತ ಕುಸಿದು ಕೂತ. ನಾನು ಸೆರಗು ಹರಿದು ಆ ಕೈಗೆ ಬಿಗಿದು ಕಟ್ಟಿದೆ. ಎಲ್ಲಿಂದ ಬಂತೋ ದನಿ, ನನಗೇ ಗೊತ್ತಿಲ್ಲ. "ಎಲ್ರೂ ಗಾಡಿ ಹತ್ರಿ" ಎಂದೆ. "ಲೇ, ಮಚ್ಚು ಬಿಸಾಕಿ ಸ್ಟೇರಿಂಗ್ ಹಿಡಿಯೋ."

ಕಡಿದವನೇ ಗಾಡಿ ಓಡಿಸಿದ. ಮುಂದೆ ಸೊಸೆ, ಮಗು. ಹಿಂದೆ ಖಾಲಿ ಈರುಳ್ಳಿ ಚೀಲಗಳ ಮೇಲೆ ದೊಡ್ಡವನು, ನಾನು. ದೊಡ್ಡಜ್ಜಿಯೂ ಹತ್ತಿಕೊಂಡರು. ಅಮ್ಮನನ್ನು ಒಬ್ಬಳೇ ಕಳಿಸುವುದಿಲ್ಲ ಎಂದರು. ಹೆದ್ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ದೊಡ್ಡವನು ನರಳುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಮುಂದಿನ ತಗಡಿಗೆ ಒಳ್ಳೆಯ ಕೈಯಿಂದ ಗುದ್ದಿ ಕೂಗಿದ. "ಲೇ, ಹಂಪ್ ನೋಡ್ಕಂಡು ಓಡ್ಸೋ ಬೇವರ್ಸಿ. ಕಡ್ದಿದ್ದು ಸಾಲ್ದು ಅಂತ ಕುಕ್ಕಿ ಸಾಯಿಸ್ತೀಯಾ?"

"ಬಾಯಿ ಮುಚ್ಕಂಡು ಕುಂತ್ಕ. ಇಲ್ಲಾಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ."

ದುರ್ಗದಲ್ಲಿ ಕೈಗೆ ಹೊಲಿಗೆ ಹಾಕುವ ಹುಡುಗ ಡಾಕ್ಟರು, ಹೇಗಾಯಿತು ಎಂದು ಕೇಳಿದರು. ಚಿಕ್ಕವನ ಮುಖ ಬಿಳಿಚಿಕೊಂಡಿತು. ದೊಡ್ಡವನು ಗೋಡೆ ನೋಡುತ್ತ, "ಕಾಯಿ ಕೊಚ್ಚುವಾಗ ಮಚ್ಚು ಜಾರ್ತು ಸಾರ್" ಎಂದ.

"ಯಾವ ಕಾಯಿ? ತೆಂಗಿನಕಾಯಾ, ತಲೆಕಾಯಾ?"

"ಎಳನೀರು ಸಾರ್."

ಅವರು ಚಿಕ್ಕವನ ಅಂಗಿಯ ಮೇಲಿನ ರಕ್ತ ನೋಡಿದರು. ಅಣ್ಣನ ಕಡೆ ತಿರುಗಿ ಇನ್ನೊಂದು ಸಲ ಕೇಳಿದರು. ಅವನು ಅದನ್ನೇ ಹೇಳಿದ.

ಡಾಕ್ಟರಮ್ಮ ಮಗುವನ್ನು ನೋಡಿದವರೇ ನಮ್ಮನ್ನು ಬಯ್ಯಲಿಕ್ಕೂ ನಿಲ್ಲಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಶುರು ಮಾಡಿದರು, ಮತ್ತೆ ಸ್ಕ್ಯಾನ್ ತೆಗೆಸಿದರು. ಆಮೇಲೆ ಹೊರಗೆ ಬಂದು ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಮೊದಲಿನಿಂದ ಹೇಳಿದರು. ಹೊಟ್ಟೆಯಲ್ಲಿ ಉಳಿದ ಚರ್ಮದ ಚೂರು, ಬಾಗಿಲು ಹಾಕಿದ ಕೋಣೆ, ಪದರದ ಮೇಲೆ ಪದರ. ಈಗ ಅದರಲ್ಲಿ ಕೀವಾಗಿದೆ, ಪೊರೆ ಒಡೆದಿದೆ, ನರದ ಮೇಲಿನ ಮೂಳೆ ತಿಂದಿದೆ. ನಾಳೆ ಬೆಳಿಗ್ಗೆಯೇ ತೆಗೆಯಬೇಕು.

"ಕೇಳಿದ್ಯೇನೋ?" ಎಂದ ದೊಡ್ಡವನು. "ನನ್ನ ಏಟಲ್ಲ."

"ಏಟಲ್ಲ ಅಂದ್ರು. ಹೊಡೆದೇ ಇಲ್ಲ ಅಂದ್ರಾ?"

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ಇದು ಏಟಿನಿಂದ ಬಂದಿದ್ದಲ್ಲ ನಿಜ. ಆದರೆ ಕಪಾಳಕ್ಕೆ ಬಿದ್ದ ಏಟಿಗೆ ಪೊರೆ ಹರಿದು ಬಂದ ಮಕ್ಕಳನ್ನ ನಾನು ಈ ಬೆಂಚಿನ ಮೇಲೆ ಬೇಕಾದಷ್ಟು ನೋಡಿದ್ದೀನಿ. ನಿಮ್ಮ ಜಗಳ ಆಮೇಲೆ. ಸಹಿ ಯಾರು ಹಾಕ್ತೀರಿ?"

ಚಿಕ್ಕವನು ಎದ್ದ. ದೊಡ್ಡಜ್ಜಿ ಅವನ ಕೈ ಹಿಡಿದುಕೊಂಡರು. ಅವರ ಕಣ್ಣು ಡಾಕ್ಟರಮ್ಮನ ಮೇಲಿತ್ತು. "ತೆಗೆದಿದ್ದನ್ನ ನನಗೆ ತೋರಿಸ್ಬೇಕು ತಾಯಿ" ಎಂದರು.

"ತೋರಿಸ್ತೀನಜ್ಜಿ."

ಅವನ ಕೈ ಬಿಟ್ಟರು.

ಮರುದಿನ ಬೆಳಿಗ್ಗೆ ಒಳಗೆ ಹೋದ ಮಗು ಮಧ್ಯಾಹ್ನ ದಾಟಿದರೂ ಹೊರಗೆ ಬರಲಿಲ್ಲ. ಸೊಸೆ ಕೂರಲಿಲ್ಲ, ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು. ಬೆನ್ನಿಗೆ ಒದೆ ಬಿದ್ದಲ್ಲಿ ಒರಗಲೂ ಆಗುತ್ತಿರಲಿಲ್ಲ. ದೊಡ್ಡವನು ಒಂದು ಸಲ ನೀರಿನ ಬಾಟಲಿ ಹಿಡಿದು ಅವಳ ಹತ್ತಿರ ಹೋದ. ಅವಳು ಆ ಬಾಟಲಿಯನ್ನು ಅವನ ಕೈಯಿಂದ ಹಾರಿಹೋಗುವ ಹಾಗೆ ಹೊಡೆದಳು. ಅವನು ಅದನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತ.

ಡಾಕ್ಟರಮ್ಮ ಒಂದು ಪುಟ್ಟ ಸೀಸೆ ಹಿಡಿದು ಹೊರಗೆ ಬಂದರು. ಅದರಲ್ಲಿದ್ದದ್ದು ಮುತ್ತಿನ ಹಾಗಿರಲಿಲ್ಲ. ನೆನೆದ ಹಿಟ್ಟಿನಂತೆ, ಬೆಳ್ಳಗೆ ಬೂದಿ ಬಣ್ಣಕ್ಕೆ, ಸಿಪ್ಪೆ ಸಿಪ್ಪೆಯಾಗಿತ್ತು. ದೊಡ್ಡಜ್ಜಿ ಮುಚ್ಚಳ ತೆಗೆಸಿ ಮೂಗಿನ ಹತ್ತಿರ ಹಿಡಿದರು, ತಕ್ಷಣ ಮುಖ ಹಿಂದಕ್ಕೆ ತೆಗೆದರು. ದಿಂಬಿನ ಮೇಲೆ ಇದ್ದ ಅದೇ ನಾತ.

"ಅಮ್ಮನ ಮುತ್ತು ನಾರಲ್ಲ" ಎಂದರು. ಊರಿಗೆ ಬಂದ ದಿನವೇ ಬಾಗಿಲ ಬೇವನ್ನು ಅವರೇ ಕಿತ್ತು ತಿಪ್ಪೆಗೆ ಹಾಕಿ, ಒಲೆಯ ಮೇಲೆ ಬಾಣಲಿ ಇಟ್ಟು ಸಾಸಿವೆ ಸಿಡಿಸಿದರು.

ಮೂರು ಮೂಳೆಗಳಲ್ಲಿ ಎರಡು ಉಳಿದಿರಲಿಲ್ಲ. ಮುಖದ ನರ ಬೆತ್ತಲೆಯಾಗಿ ಬಿದ್ದಿತ್ತಂತೆ, ಆದರೆ ತುಂಡಾಗಿರಲಿಲ್ಲ. ಆ ಬಿಳಿ ಗಂಟು ಮಿದುಳಿನ ಹೊದಿಕೆಯವರೆಗೆ ಹೋಗಿ ನಿಂತಿತ್ತು. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದೇವೆ, ಆದರೆ ಒಂದು ಕಣ ಉಳಿದರೂ ಮತ್ತೆ ಬೆಳೆಯುತ್ತದೆ, ವರ್ಷದ ಮೇಲೆ ಇನ್ನೊಮ್ಮೆ ತೆರೆದು ನೋಡಲೇಬೇಕು ಎಂದರು. ಬಾಯಿ ನೇರವಾಗಲು ಬಹಳ ದಿನ ಹಿಡಿಯಿತು. ಅಷ್ಟು ದಿನ ಸೊಸೆ ಮಗುವನ್ನು ತನ್ನ ತೌರಿನಲ್ಲೇ ಇಟ್ಟುಕೊಂಡಳು. ವಾಪಸ್ ಬರಬೇಕಾದರೆ ಮನೆ ಎರಡಾಗಬೇಕು ಎಂದಳು. ಅಂಗಳದಲ್ಲಿ ಗೋಡೆ ಎದ್ದದ್ದು ಹಾಗೆ. ನೀವು ಅದರ ಮೇಲೆ ಹತ್ತಿ ಕೂರುತ್ತೀರಲ್ಲ, ಅದೇ ಗೋಡೆ.

ಎರಡನೇ ಆಪರೇಷನ್‌ನಲ್ಲಿ ಅಕ್ಕಿನುಚ್ಚಿನಷ್ಟು ಒಂದು ಬಿಳಿ ಚೂರು ಸಿಕ್ಕಿತು. ಅದನ್ನೂ ತೆಗೆದು, ಹೋದ ಮೂಳೆಗಳ ಜಾಗಕ್ಕೆ ಮಾಡಿದ ಮೂಳೆ ಕೂರಿಸಿದರು. ಪೂರ್ತಿ ಕೇಳಿಸುವುದಿಲ್ಲ, ಆದಷ್ಟು ಕೇಳಿಸುತ್ತದೆ, ಕಿವಿಗೆ ತುಂಬಿದ ಹತ್ತಿ ತೆಗೆದ ಮೇಲೆ ನೋಡಿ ಎಂದು ಕಳಿಸಿದರು.

ಹತ್ತಿ ತೆಗೆಸಿಕೊಂಡು ನಾವು ಮನೆಗೆ ಬಂದ ಸಂಜೆ, ಅಣ್ಣತಮ್ಮಂದಿರು ಗೋಡೆಯ ಆಚೆ ಈಚೆ ನಿಂತು ಬಚ್ಚಲ ನೀರಿಗೆ ಜಗಳ ಹಚ್ಚಿಕೊಂಡಿದ್ದರು. ತಾಯಿ, ತಂಗಿ, ವಂಶ, ಯಾವುದನ್ನೂ ಬಿಟ್ಟಿರಲಿಲ್ಲ. ಸಣ್ಣವಳು ಹೊಸ್ತಿಲಲ್ಲಿ ನಿಂತು ತಲೆಯನ್ನು ಎಡಕ್ಕೆ ತಿರುಗಿಸಿ ದೊಡ್ಡಪ್ಪನ ಕಡೆ ನೋಡಿದಳು, ಆಮೇಲೆ ಬಲಕ್ಕೆ ತಿರುಗಿಸಿ ಅಪ್ಪನ ಕಡೆ ನೋಡಿದಳು. ಯಾವ ದನಿ ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಎದೆ ತುಂಬಿ ಬಂತು. ಅವಳು ನನ್ನ ಸೆರಗು ಜಗ್ಗಿದಳು.

"ಅಜ್ಜಿ, ಇವರು ದಿನಾ ಇಷ್ಟು ಜೋರಾಗಿ ಬೈದಾಡ್ತಾರಾ?"

"ಹೂಂ."

"ಹತ್ತಿ ವಾಪಸ್ ಇಡಜ್ಜಿ."

ನಾನು ಇಡಲಿಲ್ಲ. ಅಂಗಳಕ್ಕೆ ಇಳಿದು ಗೋಡೆಯ ಹತ್ತಿರ ಹೋಗಿ ನಿಂತೆ. ಇಬ್ಬರೂ ನನ್ನ ಕಡೆ ತಿರುಗಿದರು.

"ಮೆಲ್ಲಗೆ ಬೈದಾಡ್ರ‍್ರೋ" ಎಂದೆ. "ಮಗಿಗೆ ಕೇಳ್ತೈತೆ."